ಬೆಲ್ಟಿಗೆ ಒಂದು ಸಣ್ಣ ರಿವಾಲ್ವರ್: ಗಡಿಯಲ್ಲಿರುವವರು ಆರಿಸುವ ಬಗೆ

ಕಾಸರಗೋಡಿನ ತೋಟದವರಿಗೆ ಕೋವಿ ಹೊಸದಲ್ಲ. ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಆದರೆ ಇತ್ತೀಚೆಗೆ ನನ್ನನ್ನು ಕೇಳುವುದು ಬೇರೆ. "ಸೊಂಟದಲ್ಲಿಟ್ಟುಕೊಂಡು ತಿರುಗುವುದಕ್ಕೆ ಯಾವ ರಿವಾಲ್ವರ್ ಆದೀತು ಮಾರಾಯ್ರೆ?" ಕೇಳುವವರು ಚಿನ್ನದಂಗಡಿಯವರು, ಪೆಟ್ರೋಲ್ ಬಂಕ್ ನಡೆಸುವವರು, ರಾತ್ರಿ ಅಂಗಡಿ ಮುಚ್ಚಿ ದುಡ್ಡಿನ ಚೀಲ ಹಿಡಿದು ಮನೆಗೆ ಹೋಗುವವರು. ಫೋನಿನಲ್ಲಿ ಹತ್ತಾರು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಬರೆದಿಡುತ್ತೇನೆ.

ಎಲ್ಲರೂ ಶುರು ಮಾಡುವುದು ಮಾಡೆಲ್ಲಿನ ಹೆಸರಿನಿಂದ. ನನ್ನ ಲೆಕ್ಕ ಉಲ್ಟಾ. ಮೊದಲು ಗಡಿ ನೋಡಿ, ಆಮೇಲೆ ನೀವು ಹಾಕುವ ಬಟ್ಟೆ, ಆಮೇಲೆ ನಿಮ್ಮ ಕೈ. ರಿವಾಲ್ವರ್ ಕೊನೆಗೆ.

1. ಬೇಕಾಗಿರುವುದು ರಿವಾಲ್ವರೇ ಹೌದಾ?

ತೋಟಕ್ಕೆ ಹಂದಿ ಬರುತ್ತದೆ ಎಂಬ ಕಾರಣಕ್ಕಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಗಿಡ್ಡ ನಳಿಗೆಯ ರಿವಾಲ್ವರಿನಿಂದ ಕಾಡುಹಂದಿಗೆ ಹೊಡೆದರೆ ಅದು ಗಾಯಗೊಂಡು ನಿಮ್ಮ ಮೇಲೇ ನುಗ್ಗುತ್ತದೆ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಹಂದಿಗಳನ್ನು ಹೊಡೆಸುವ ಅಧಿಕಾರವನ್ನು ಪಂಚಾಯತಿಗೆ ಕೊಟ್ಟಿತಲ್ಲ, ಆ ಕೆಲಸಕ್ಕೆ ಬೇಕಾದದ್ದು ಲೈಸೆನ್ಸ್ ಇರುವ ಉದ್ದ ಕೋವಿ. ಅದರ ಕತೆಯೇ ಬೇರೆ.

ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ, ಊರಿನಲ್ಲಿ ಒಂದು ಗತ್ತು ಇರಲಿ ಎಂಬ ಆಸೆ ಇವೂ ಬೇಡ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಪೊಲೀಸರ ಸಹಾಯ ಪಡೆಯುವಷ್ಟು ಹೊತ್ತು ಇದ್ದಲ್ಲಿ ಆ ಹಕ್ಕು ಇಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗೂ ಇಲ್ಲ. ಹೆದರಿಸಲಿಕ್ಕೆ ಸುಮ್ನೆ ತೋರಿಸಿದೆ ಎಂದರೂ ಕೇಸು ನಿಮ್ಮ ಮೇಲೆಯೇ.

ನಿಜವಾಗಿ ಬೆದರಿಕೆ ಇದ್ದರೆ, ದಿನಾ ನಗದು ಸಾಗಿಸುವ ಕಸುಬಾಗಿದ್ದರೆ, ಮುಂದೆ ಓದಿ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಕೇಳಲು ಬಂದವರಲ್ಲಿ ಅರ್ಧ ಜನರಿಗೆ ನಾನು ಹೇಳಿದ್ದು, ದುಡ್ಡನ್ನು ಸಂಜೆಯ ಮೊದಲೇ ಬ್ಯಾಂಕಿಗೆ ಕಟ್ಟಿ, ಅಂಗಡಿಗೆ ಒಂದು ಒಳ್ಳೆ ಕ್ಯಾಮೆರಾ ಹಾಕಿಸಿ ಅಂತ.

2. ಕಾಗದಪತ್ರ

ಆಧಾರ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. 21 ವರ್ಷ ತುಂಬಿರಬೇಕು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಅಂದರೆ ನಮಗೆ ವಿದ್ಯಾನಗರದ ಕಲೆಕ್ಟರೇಟಿಗೆ. ದೇಹ ಮತ್ತು ಮನಸ್ಸು ಎರಡೂ ಸರಿ ಇವೆ ಎಂಬ ವೈದ್ಯರ ಪತ್ರ ಬೇಕು. ಆಯುಧ ಬಳಸುವ ತರಬೇತಿ ಮುಗಿಸಿದ ಪತ್ರ ಬೇಕು. ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ ಇದೆ ಎಂದು ಬರೆದುಕೊಡಬೇಕು. ಆಮೇಲೆ ಠಾಣೆಯವರು ವಿಚಾರಣೆಗೆ ಮನೆಗೆ ಬರುತ್ತಾರೆ.

ಕೇರಳದಲ್ಲಿ ರಿವಾಲ್ವರಿನ ಲೈಸೆನ್ಸ್ ಸುಲಭಕ್ಕೆ ಸಿಗುವುದಿಲ್ಲ. "ಪ್ರಾಣಭಯ ಇದೆ" ಎಂದು ಒಂದು ಸಾಲು ಗೀಚಿದರೆ ಆಗದು. ಹಿಂದೆ ಕೊಟ್ಟ ದೂರಿನ ಪ್ರತಿ, ವ್ಯಾಪಾರದ ಲೈಸೆನ್ಸ್, ನಗದು ಸಾಗಿಸುತ್ತೀರಿ ಎನ್ನುವುದಕ್ಕೆ ಬ್ಯಾಂಕಿನ ಕಾಗದ ಎಲ್ಲ ಜೋಡಿಸಿ. ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಗೆ ದಾರಿ ಇದೆ.

ನಮ್ಮ ಕಡೆಯವರು ಎಡವುವ ಒಂದು ಜಾಗ ಹೆಸರು. ಕನ್ನಡದ ಶಾಲಾ ಪತ್ರದಲ್ಲಿ ಒಂದು ಬಗೆ, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮನೆ ಹೆಸರು ಸೇರಿ ಮೂರನೆಯದು. ಲೈಸೆನ್ಸ್ ಸಿಕ್ಕವರಿಗೆಲ್ಲ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದಿಲ್ಲದಿದ್ದರೆ ಲೈಸೆನ್ಸಿಗೆ ಬೆಲೆ ಇಲ್ಲ. ಹೆಸರು ಅದರಲ್ಲಿ ಒಮ್ಮೆ ತಪ್ಪಾಗಿ ಕೂತರೆ ತಿದ್ದಿಸಲು ಚಪ್ಪಲಿ ಸವೆಯುತ್ತದೆ. ಅರ್ಜಿಗೆ ಮೊದಲೇ ಎಲ್ಲ ಕಡೆ ಒಂದೇ ಮಾಡಿಕೊಳ್ಳಿ.

2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡೇ ಬಂದೂಕು ಇರಬಹುದು. ಮೊದಲು ಮೂರು ಇತ್ತು. ಅಜ್ಜನ ಕೋವಿಯೂ ಅಪ್ಪನ ಕೋವಿಯೂ ನಿಮ್ಮ ಹೆಸರಿಗೇ ಬಂದಿದ್ದರೆ ರಿವಾಲ್ವರಿಗೆ ಜಾಗ ಇಲ್ಲ ಅಂತಲೇ ಲೆಕ್ಕ. ಲೈಸೆನ್ಸಿನ ಅವಧಿ ಈಗ 5 ವರ್ಷ.

"ಕೊಡಗಿನವರಿಗೆ ಲೈಸೆನ್ಸೇ ಬೇಡ, ಅಲ್ವಾ?" ಎಂದು ಕೊಡಗಿನ ಗಡಿಗೆ ತಾಗಿದ ಪಾಣತ್ತೂರು ಕಡೆಯವರು ಕೇಳುವುದುಂಟು. ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಅದು. ಗಡಿಯ ಈಚೆ ಮನೆ ಇರುವ ನಮಗೆ ಅದರಿಂದ ಏನೂ ಇಲ್ಲ.

3. ಲೈಸೆನ್ಸಿನ ವ್ಯಾಪ್ತಿ: ಜಾಸ್ತಿ ಜನ ಬೀಳುವ ಗುಂಡಿ

ಲೈಸೆನ್ಸಿನಲ್ಲಿ ‘ವ್ಯಾಪ್ತಿ’ ಎಂಬ ಒಂದು ಅಂಕಣ ಇದೆ. ಆ ಆಯುಧವನ್ನು ಎಲ್ಲೆಲ್ಲಿ ಒಯ್ಯಬಹುದು ಎಂದು ಅಲ್ಲಿ ಬರೆದಿರುತ್ತದೆ. ಒಂದು ಜಿಲ್ಲೆ, ಒಂದು ರಾಜ್ಯ ಅಥವಾ ಇಡೀ ದೇಶ. ತ್ರಿಶೂರಿನವನಿಗೆ ಇದು ಸಣ್ಣ ವಿಷಯ. ನಮಗೆ ಹಾಗಲ್ಲ.

ನಿಮ್ಮ ಒಂದು ವಾರ ನೆನಪು ಮಾಡಿಕೊಳ್ಳಿ. ಆಸ್ಪತ್ರೆಗೆ ಮಂಗಳೂರು. ಮಗಳ ಕಾಲೇಜು ಮಂಗಳೂರು ಅಥವಾ ಪುತ್ತೂರು. ನೆಂಟರ ಮನೆ ಸುಳ್ಯ. ಉಪ್ಪಳದಲ್ಲಿ ಅಂಗಡಿ ಇಟ್ಟವರಿಗೆ ತಲಪಾಡಿ ದಾಟದ ದಿನವೇ ಇಲ್ಲ. ವ್ಯಾಪ್ತಿ ಕೇರಳ ಮಾತ್ರ ಎಂದಿದ್ದರೆ ತಲಪಾಡಿಯ ಆಚೆ ನೂರು ಮೀಟರ್ ಹೋದ ಕೂಡಲೇ ನಿಮ್ಮ ಲೈಸೆನ್ಸಿಗೆ ಬಲ ಇಲ್ಲ. ಸಾರಡ್ಕದಲ್ಲೂ ಅಷ್ಟೇ, ಜಾಲ್ಸೂರಿನಲ್ಲೂ ಅಷ್ಟೇ. ಒಳದಾರಿಗಳಲ್ಲಂತೂ ಗಡಿ ಯಾವ ತೆಂಗಿನ ಬುಡದಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಗೊತ್ತಾಗಲಿಲ್ಲ ಎಂಬ ಮಾತನ್ನು ಪೊಲೀಸರು ಕೇಳುವುದೂ ಇಲ್ಲ.

ಅರ್ಜಿಯಲ್ಲೇ ಎಲ್ಲೆಲ್ಲಿಗೆ ಒಯ್ಯಬೇಕು ಎಂದು ಕೇಳುವ ಕಡೆ ಕರ್ನಾಟಕವನ್ನೂ ಬರೆಯಿರಿ. ಕಾರಣ ಜೋಡಿಸಿ: ಮಂಗಳೂರಿನ ಗೋದಾಮಿನ ಬಾಡಿಗೆ ಪತ್ರ, ಅಲ್ಲಿನ ವ್ಯಾಪಾರದ ಬಿಲ್ಲುಗಳು. ಕೊಡುವುದು ಬಿಡುವುದು ಅವರ ಕೈಯಲ್ಲಿದೆ. ಸಿಗದಿದ್ದರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ. ವಾರಕ್ಕೆ ನಾಲ್ಕು ದಿನ ಗಡಿ ದಾಟುವವನು ನಾಲ್ಕು ದಿನವೂ ರಿವಾಲ್ವರನ್ನು ಮನೆಯಲ್ಲಿಟ್ಟು ಹೋಗಬೇಕು. ಅಂಥವರಿಗೆ ಇದು ಬೇಕಾ ಎಂದು ನಾನು ನೇರವಾಗಿಯೇ ಕೇಳುತ್ತೇನೆ.

ಇನ್ನೊಂದು ಷರತ್ತು ಲೈಸೆನ್ಸಿನ ಮೇಲೇ ಇದೆ, ಯಾರೂ ಓದುವುದಿಲ್ಲ. ಜಿಲ್ಲಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಆಯುಧ ಒಯ್ಯುವ ಹಾಗಿಲ್ಲ. ಊರಿನ ಕೋಲ, ತೆಯ್ಯಂ, ಉರೂಸು, ದೇವಸ್ಥಾನದ ಉತ್ಸವ, ಬಯಲಾಟ ಎಲ್ಲ ಕಡೆಯೂ ಇದನ್ನು ನೆನಪಿಡಿ. ಮಗುವನ್ನು ಶಾಲೆಗೆ ಬಿಡಲು ಗೇಟಿನೊಳಗೆ ಹೋಗುವುದೂ ಆಗದು. ಮದುವೆಯಲ್ಲಿ ಖುಷಿಗೆ ಆಕಾಶಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

4. ಬಟ್ಟೆ ಮತ್ತು ಹೋಲ್‌ಸ್ಟರ್

ಮರೆಮಾಡಿ ಇಟ್ಟುಕೊಳ್ಳುವುದು ಕಳ್ಳತನದ ಕೆಲಸ ಎಂದು ಕೆಲವರಿಗೆ ಅಳುಕು. ಆದರೆ 2016ರ ನಿಯಮವೇ ಹಾಗೆ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ (ಅದಕ್ಕೆಂದೇ ಮಾಡಿದ ಒರೆ) ಅಥವಾ ಅಂಥದ್ದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಅಂಗಿಯ ಮೇಲೆ ಎದ್ದು ಕಾಣುವ ಹಾಗೆ ಕಟ್ಟಿಕೊಂಡು ಪೇಟೆ ಸುತ್ತುವುದೇ ತಪ್ಪು.

ಹಾಗಾಗಿ ರಿವಾಲ್ವರಿಗೆ ಮೊದಲು ಬೆಲ್ಟ್ ಕೊಳ್ಳಿ. ದಪ್ಪ, ಬಾಗದ ತೊಗಲಿನದ್ದು. 700 ಗ್ರಾಂ ಕಬ್ಬಿಣ ತೆಳು ಬೆಲ್ಟಿನಲ್ಲಿ ಜೋತುಬೀಳುತ್ತದೆ, ಮಧ್ಯಾಹ್ನದೊಳಗೆ ಸೊಂಟ ನೋವು, ಸಂಜೆಯೊಳಗೆ ಎಲ್ಲರಿಗೂ ಗುಟ್ಟು ರಟ್ಟು.

ಮುಂಡು ಉಡುವವರ ಸಮಸ್ಯೆ ಬೇರೆ. ಹಳೆ ವ್ಯಾಪಾರಿಗಳು ಮುಂಡಿನ ಮೇಲೆ ಕಟ್ಟುವ ಜೇಬಿನ ಅಗಲ ಬೆಲ್ಟ್ ಗೊತ್ತಲ್ಲ? "ಅದರ ಜೇಬಿಗೇ ಹಾಕಿದರೆ?" ಎಂದು ಕೇಳುತ್ತಾರೆ. ಬೇಡವೇ ಬೇಡ. ಅದೇ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಪೆನ್ನು ಇರುತ್ತವೆ. ಟ್ರಿಗ್ಗರಿಗೆ ಬೀಗದ ಕೈ ಸಿಕ್ಕಿಕೊಂಡರೆ ಗುಂಡು ಹೋಗುವುದು ನಿಮ್ಮ ತೊಡೆಗೆ. ಮುಂಡಿನ ಮಡಿಕೆಯಲ್ಲಿ ಸಿಕ್ಕಿಸುವುದು ಅದಕ್ಕಿಂತ ಅಪಾಯ. ರಿವಾಲ್ವರ್ ಇಟ್ಟುಕೊಳ್ಳುವ ದಿನ ಪ್ಯಾಂಟು ಹಾಕಿ, ಇಲ್ಲ ಮನೆಯಲ್ಲಿಟ್ಟು ಹೋಗಿ.

ಹೋಲ್‌ಸ್ಟರ್ ಎರಡು ಬಗೆ. ಪ್ಯಾಂಟಿನ ಒಳಗೆ ಕೂರುವುದು ಚೆನ್ನಾಗಿ ಅಡಗುತ್ತದೆ, ಆದರೆ ನಮ್ಮ ಸೆಖೆಗೆ ಬೆವರಿನಲ್ಲಿ ನೆನೆಯುತ್ತದೆ. ಹೊರಗೆ ಕೂರುವುದು ಹಾಯಾಗಿರುತ್ತದೆ, ಅಂಗಿ ಉದ್ದ ಬೇಕು. ಯಾವುದಾದರೂ ಸರಿ, ಮೂರು ವಿಷಯ ನೋಡಿ: ಟ್ರಿಗ್ಗರ್ ಇರುವ ಜಾಗ ಪೂರ್ತಿ ಮುಚ್ಚಿರಬೇಕು, ತಲೆಕೆಳಗು ಹಿಡಿದು ಅಲುಗಿಸಿದರೆ (ಖಾಲಿ ರಿವಾಲ್ವರಿನಲ್ಲಿ) ಬೀಳಬಾರದು, ರಿವಾಲ್ವರ್ ತೆಗೆದ ಮೇಲೂ ಒರೆಯ ಬಾಯಿ ಮುಚ್ಚಿಕೊಳ್ಳಬಾರದು. ಕನ್ನಡಿಯ ಮುಂದೆ ನಿಂತು ಬಗ್ಗಿ ನೋಡಿ, ಅಟ್ಟಕ್ಕೆ ಕೈ ಚಾಚಿ ನೋಡಿ, ಬೈಕಿನ ಮೇಲೆ ಕೂತು ನೋಡಿ. ಬೈಕಿನಲ್ಲಿ ಗಾಳಿಗೆ ಅಂಗಿ ಹಾರುತ್ತದೆ, ಅದನ್ನು ಹಿಂದೆ ಬರುವವನು ನೋಡುತ್ತಾನೆ, ನೀವಲ್ಲ.

5. ಗುಂಡಿನ ಅಳತೆ

ಇಲ್ಲಿ ಆಯ್ಕೆ ಜಾಸ್ತಿ ಇಲ್ಲ. 9 ಮಿಮೀ, .38 ಎಲ್ಲ ‘ನಿಷೇಧಿತ ಬೋರ್’, ಅಂದರೆ ಸಾಮಾನ್ಯ ಜನರಿಗೆ ಕೊಡದ ಅಳತೆ. ಬೋರ್ ಎಂದರೆ ನಳಿಗೆಯ ಒಳಗಿನ ತೂತು. ನಮಗೆ ಉಳಿಯುವುದು ಮುಖ್ಯವಾಗಿ .32, ಮತ್ತೆ .22.

ಒಂದು ಎಚ್ಚರ. .32 ಎಂದು ಬರೆದ ತೋಟೆಗಳೆಲ್ಲ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಒಂದೇ ಅಲ್ಲ. ರಿವಾಲ್ವರಿಗೆ ಬೇಕಾದದ್ದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ಮಿಲಿಮೀಟರ್ ಅಳತೆಯಲ್ಲಿ 7.65×23. ಬುಡದಲ್ಲಿ ಅಂಚು ಎದ್ದಿರುತ್ತದೆ. ಪಿಸ್ತೂಲಿನ .32 ಎಸಿಪಿ ಬೇರೆ, 7.65×17, ಗಿಡ್ಡದು. ಇಶಾಪುರದ ಅಶನಿ ಪಿಸ್ತೂಲಿಗೆ ಹಾಕುವುದು ಅದು. ಡಬ್ಬಿಯ ಮೇಲೆ 7.65 ಎಂಬುದನ್ನು ಮಾತ್ರ ನೋಡಿ ತಂದು ಆಮೇಲೆ ಪರದಾಡಿದವರಿದ್ದಾರೆ. ವರ್ಷಕ್ಕೆ ಎಷ್ಟು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ನಿಮ್ಮ ಲೈಸೆನ್ಸಿನಲ್ಲೇ ಇರುತ್ತದೆ.

ಇದು 1896ರ ಕಾಲದ ಹಳೆ ತೋಟೆ, ಹೊಡೆತ ಮೆದು. ಮೆದು ಎಂಬುದೇ ಇದರ ಗುಣ. ಕೈ ಹಾರುವುದಿಲ್ಲ, ಎರಡನೇ ಗುಂಡು ಗುರಿ ಇಟ್ಟ ಕಡೆ ಬೀಳುತ್ತದೆ.

6. ಸಿಗುವ ರಿವಾಲ್ವರುಗಳು

ಹೊಸ ವಿದೇಶಿ ಬಂದೂಕು ಜನಸಾಮಾನ್ಯರಿಗೆ ಬರುವುದು ನಿಂತು ದಶಕಗಳಾದವು. ಹಾಗಾಗಿ ಹೊಸದೆಂದರೆ ಇಲ್ಲೇ ಮಾಡಿದ್ದು.

ನಿದರ್: ಇಶಾಪುರ ರೈಫಲ್ ಕಾರ್ಖಾನೆಯದ್ದು, .22, ಎಂಟು ಗುಂಡು, ತೂಕ ಬರೀ 250 ಗ್ರಾಂ. ಬಂದಾಗ ಬೆಲೆ ಸುಮಾರು 35,000. ಸೊಂಟದಲ್ಲಿರುವುದೇ ಗೊತ್ತಾಗದು. ಆದರೆ .22ರ ಗುಂಡು ತೀರಾ ಸಣ್ಣದು. ಸಿಡಿಯುವ ಮದ್ದು ತೋಟೆಯ ಅಂಚಿನಲ್ಲಿರುವುದರಿಂದ ಒಮ್ಮೊಮ್ಮೆ ಟಕ್ ಎಂದು ಸುಮ್ಮನಾಗುತ್ತದೆ. ಖಾಲಿ ಇಟ್ಟು ಟ್ರಿಗ್ಗರ್ ಒತ್ತಿ ಅಭ್ಯಾಸ ಮಾಡುವುದೂ ಇದಕ್ಕೆ ಒಳ್ಳೆಯದಲ್ಲ.

ನಿರ್ಭೀಕ್: 2014ರಲ್ಲಿ ಕಾನ್ಪುರದಿಂದ ಬಂದದ್ದು, .32, ಟೈಟಾನಿಯಂ ಬೆರಕೆಯ ಮೈ, ತೂಕ ಸುಮಾರು ಅರ್ಧ ಕಿಲೋ. ಬೆಲೆ ಆಗಲೇ 1.22 ಲಕ್ಷ. ಮಹಿಳೆಯರಿಗೆಂದು ಪ್ರಚಾರ ಮಾಡಿದರು. ಹಗುರ ಇದ್ದಷ್ಟು ಗುಂಡು ಹಾರಿದಾಗ ಕೈಗೆ ಬಡಿತ ಜಾಸ್ತಿ ಎಂಬುದನ್ನು ಪ್ರಚಾರದಲ್ಲಿ ಹೇಳಲಿಲ್ಲ. .32 ಆದ್ದರಿಂದ ತಡೆಯಬಹುದು, ಅಷ್ಟೇ.

ಕಾನ್ಪುರದ ಹಳೆ .32 ಮಾರ್ಕ್ ಸರಣಿ: ಬ್ರಿಟಿಷರ ವೆಬ್ಲಿ ಮಾದರಿ. ಆರು ಗುಂಡು, ಮೂರಂಗುಲದ ನಳಿಗೆ, ಸುಮಾರು 700 ಗ್ರಾಂ. ಮೇಲಿನ ಕೊಂಡಿ ಒತ್ತಿದರೆ ನಳಿಗೆ ಕೆಳಕ್ಕೆ ಮಡಚಿಕೊಂಡು, ಖಾಲಿ ತೋಟೆಗಳೆಲ್ಲ ತಾವೇ ಹೊರಗೆ ಬೀಳುತ್ತವೆ. ವೆಬ್ಲಿ ಹೆಸರಿನದೇ .32 ಕೂಡ ಈಗ ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುತ್ತದೆ.

ಪ್ರಬಲ್: 2023ರಲ್ಲಿ ಬಂತು, ಕಾನ್ಪುರದ ಸರ್ಕಾರಿ ಕಂಪನಿಯದ್ದು. ಆರು ಗುಂಡು, 76 ಮಿಮೀ ನಳಿಗೆ, ಸುಮಾರು 700 ಗ್ರಾಂ. ಇದರ ಸಿಲಿಂಡರ್, ಅಂದರೆ ಗುಂಡು ತುಂಬುವ ಉರುಳೆ, ಪಕ್ಕಕ್ಕೆ ತೆರೆಯುತ್ತದೆ. ಮಡಚುವ ಕೀಲು ಇಲ್ಲದ್ದರಿಂದ ಮೈ ಗಟ್ಟಿ.

ಹೊಸದಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ಪ್ರಬಲ್ ಎನ್ನುತ್ತೇನೆ. ಕೈ ತೀರಾ ಸಣ್ಣದಿದ್ದರೆ ನಿರ್ಭೀಕ್. ಬೆಲೆ ಕೇಳುವಾಗ ತೆರಿಗೆ ಸೇರಿಸಿ ಕೇಳಿ. 2025ರ ಸೆಪ್ಟೆಂಬರಿನಿಂದ ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ.

7. ಅಂಗಡಿಯ ಮೇಜಿನ ಮುಂದೆ

ಕೈಗೆ ಕೊಟ್ಟ ಕೂಡಲೇ ಸಿಲಿಂಡರ್ ತೆರೆದು ನೋಡಿ. ಅಂಗಡಿಯವರು ಈಗಷ್ಟೇ ತೆರೆದು ತೋರಿಸಿದ್ದರೂ ಮತ್ತೆ ನೋಡಿ. ಆರು ತೂತಿನಲ್ಲೂ ಕಿರುಬೆರಳು ಆಡಿಸಿ. ಆಮೇಲೆ ಮುಂದಿನದು.

ಹಿಡಿ ನಿಮ್ಮ ಅಂಗೈಯಲ್ಲಿ ಕೂರಬೇಕು. ಕಿರುಬೆರಳಿಗೆ ಜಾಗ ಇಲ್ಲದಿದ್ದರೆ ಅದು ನಿಮ್ಮದಲ್ಲ. ತೋರುಬೆರಳಿನ ಮೊದಲ ಗೆಣ್ಣಿನ ಮುಂಚಿನ ಮೆತ್ತನೆ ಭಾಗ ಟ್ರಿಗ್ಗರಿಗೆ ತಾಗಬೇಕು.

ಈಗ ಟ್ರಿಗ್ಗರ್. ರಿವಾಲ್ವರನ್ನು ಎರಡು ರೀತಿ ಹಾರಿಸಬಹುದು. ಹ್ಯಾಮರನ್ನು (ನಮ್ಮ ಕಡೆ ಕುದುರೆ ಅನ್ನುತ್ತೇವೆ) ಮೊದಲು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ ಆಮೇಲೆ ಟ್ರಿಗ್ಗರ್ ಮುಟ್ಟುವುದು ಸಿಂಗಲ್ ಆಕ್ಷನ್. ಟ್ರಿಗ್ಗರನ್ನೇ ಉದ್ದಕ್ಕೆ ಎಳೆದು ಎರಡೂ ಕೆಲಸ ಮಾಡಿಸುವುದು ಡಬಲ್ ಆಕ್ಷನ್. ಅಂಗಡಿಯಲ್ಲಿ ಎಲ್ಲರೂ ಸಿಂಗಲ್ ಆಕ್ಷನ್ ನೋಡಿ "ಬೆಣ್ಣೆ ಹಾಗಿದೆ" ಅನ್ನುತ್ತಾರೆ. ಆದರೆ ಕತ್ತಲೆಯಲ್ಲಿ ಕೈ ನಡುಗುವಾಗ ನೀವು ಎಳೆಯುವುದು ಡಬಲ್ ಆಕ್ಷನ್ನನ್ನೇ. ಅದು ಭಾರ. ಎಳೆದು ಎಳೆದು ನೋಡಬೇಕಾದದ್ದು ಅದನ್ನು.

ಒಂದು ಸುಲಭ ಪರೀಕ್ಷೆ ಇದೆ. ಕೇಳಿಕೊಂಡು ಡಮ್ಮಿ ತೋಟೆ ಹಾಕಿಸಿ, ಗೋಡೆಯ ಕಡೆಗೆ ಹಿಡಿಯಿರಿ. ಜೊತೆಗಿದ್ದವರು ಪಕ್ಕದಲ್ಲಿ ನಿಂತು ನಳಿಗೆಯ ಬೆನ್ನಿನ ಮೇಲೆ ಒಂದು ರೂಪಾಯಿ ನಾಣ್ಯ ಇಡಲಿ. ಡಬಲ್ ಆಕ್ಷನ್ನಿನಲ್ಲಿ ಹತ್ತು ಸಲ ಎಳೆಯಿರಿ. ನಾಣ್ಯ ಎರಡು ಮೂರು ಸಲ ಬಿದ್ದರೆ ಪರವಾಗಿಲ್ಲ, ಅಭ್ಯಾಸದಲ್ಲಿ ಸರಿಹೋಗುತ್ತದೆ. ನಾಲ್ಕನೇ ಎಳೆತಕ್ಕೇ ಬೆರಳು ಸೋತರೆ ಬೇರೆ ರಿವಾಲ್ವರ್ ನೋಡಿ.

ಆಮೇಲೆ ಯಂತ್ರ. ಹ್ಯಾಮರ್ ಎಳೆದು ನಿಲ್ಲಿಸಿದಾಗ ಸಿಲಿಂಡರ್ ಅಲುಗಾಡಬಾರದು. ಕೂದಲೆಳೆಯಷ್ಟು ಆಡಿದರೆ ಇರಲಿ, ಲೊಡಲೊಡ ಅಂದರೆ ಬೇಡ. ಸಿಲಿಂಡರ್ ತೆರೆದು, ನಳಿಗೆಯ ಹಿಂಬದಿಗೆ ಹೆಬ್ಬೆರಳಿನ ಉಗುರು ಹಿಡಿದು ಮುಂದಿನಿಂದ ಒಳಗೆ ನೋಡಿ. ಉಗುರಿನ ಮೇಲೆ ಬಿದ್ದ ಬೆಳಕು ನಳಿಗೆಯೊಳಗೆ ಹೊಳೆಯುತ್ತದೆ, ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಕಪ್ಪು ಚುಕ್ಕಿ ಕಂಡರೆ ತುಕ್ಕು ತಿಂದ ಗುಳಿ ಅದು. ತುದಿಯಲ್ಲಿ ಮೊನಚು ಅಂಚು ಇದೆಯಾ ಎಂದು ಬಟ್ಟೆಯಿಂದ ಉಜ್ಜಿ ನೋಡಿ. ದಾರ ಸಿಕ್ಕಿಕೊಂಡರೆ ನಾಳೆ ನಿಮ್ಮ ಅಂಗಿಯೂ ಸಿಕ್ಕಿಕೊಳ್ಳುತ್ತದೆ.

ಹೊಡೆಯುವಾಗ ಬೆರಳುಗಳು ಸಿಲಿಂಡರಿನ ಮುಂಭಾಗಕ್ಕೆ ಬರಬಾರದು. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದಿನಿಂದ ಬಿಸಿ ಅನಿಲ ಚಿಮ್ಮುತ್ತದೆ, ಸುಟ್ಟು ಗಾಯವಾಗುತ್ತದೆ.

ಮನೆಗೆ ತರುವ ಮೊದಲು ರಿವಾಲ್ವರಿನ ಸಂಖ್ಯೆ, ಬಿಲ್ಲಿನ ಸಂಖ್ಯೆ, ಲೈಸೆನ್ಸಿನಲ್ಲಿ ಬರೆದದ್ದು ಮೂರನ್ನೂ ಅಕ್ಷರ ಅಕ್ಷರ ಹೋಲಿಸಿ. ಮಂಗಳೂರಿನಲ್ಲಿ ಕೊಳ್ಳುವ ಯೋಚನೆ ಇದ್ದರೆ ಮೂರನೇ ಹಂತ ಮತ್ತೆ ಓದಿ. ತರುವುದೂ ಗಡಿ ದಾಟಿಯೇ.

8. ಹಳೆಯದು ಕೊಳ್ಳುವುದಾದರೆ

ಹಳೆ ವಿದೇಶಿ ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್‌ಗಳಿಗೆ ಲಕ್ಷಗಟ್ಟಲೆ ಕೇಳುತ್ತಾರೆ. ಕೆಲಸ ಚೆನ್ನಾಗಿರುತ್ತದೆ, ಬಿಡಿಭಾಗ ಸಿಗುವುದಿಲ್ಲ. ತೀರಾ ಹಳೆಯವುಗಳಲ್ಲಿ ಕೆಳಗೆ ಬಿದ್ದರೆ ಗುಂಡು ಹಾರದಂತೆ ತಡೆಯುವ ಪಟ್ಟಿ ಇರುವುದಿಲ್ಲ. ಅಂಥದ್ದರಲ್ಲಿ ಹ್ಯಾಮರಿನ ಕೆಳಗಿನ ತೂತು ಖಾಲಿ ಇಡಬೇಕು, ಅಂದರೆ ನಿಮಗೆ ಸಿಗುವುದು ಐದೇ ಗುಂಡು. ದಿನಾ ಸೊಂಟದಲ್ಲಿಡಲು ನಾನು ಹಳೆಯದು ಕೊಳ್ಳುವುದಿಲ್ಲ.

9. ಮನೆ, ಮಳೆ, ವಿಮಾನ

ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ತಿಜೋರಿ ಬೇಕು. ಗುಂಡುಗಳಿಗೆ ಬೇರೆ ಬೀಗ. ಗೋದ್ರೇಜ್ ಕಪಾಟಿನ ಸೀರೆಯಡಿ ಇಟ್ಟರೆ ಮನೆಯ ಮಕ್ಕಳಿಗೆ ಗೊತ್ತಿಲ್ಲ ಎಂದು ನೀವು ಮಾತ್ರ ನಂಬಿರುತ್ತೀರಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಚಾ ಕುಡಿಯಲು ಇಳಿಯಬೇಡಿ.

ಮನೆಯಲ್ಲಿ ಗಲ್ಫಿಗೆ ಹೋಗಿ ಬರುವವರಿದ್ದರೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ರಿವಾಲ್ವರ್ ಅಥವಾ ಗುಂಡು ಒಯ್ದ ಚೀಲವನ್ನು ಯಾವತ್ತೂ ವಿಮಾನಕ್ಕೆ ಒಯ್ಯಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಏರ್‌ಪೋರ್ಟಿನ ಯಂತ್ರದಲ್ಲಿ ಕಂಡರೆ ಸಾಕು, ಪ್ರಯಾಣವೂ ಹೋಯಿತು, ಕೇಸೂ ಆಯಿತು.

ಆಟಿಯ ಮಳೆಯಲ್ಲಿ ನಮ್ಮ ಮನೆಗಳಲ್ಲಿ ಉಪ್ಪಿನ ಭರಣಿಯೇ ನೀರಾಡುತ್ತದೆ. ಕಪ್ಪು ಬಣ್ಣದ ಉಕ್ಕಿಗೆ ಬೆವರು ತಾಗಿ ಒಂದು ರಾತ್ರಿ ಕಳೆದರೆ ಹಿಡಿಯ ಬೆನ್ನಿನಲ್ಲಿ ಇಟ್ಟಿಗೆ ಬಣ್ಣದ ಚುಕ್ಕಿಗಳು ಏಳುತ್ತವೆ. ದಿನಾ ಸಂಜೆ ಗುಂಡು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ತೆಂಗಿನೆಣ್ಣೆ ಅಲ್ಲ, ಬಂದೂಕಿನ ಎಣ್ಣೆ. ತೆಂಗಿನೆಣ್ಣೆ ಕ್ರಮೇಣ ಅಂಟಾಗುತ್ತದೆ. ತೊಗಲಿನ ಹೋಲ್‌ಸ್ಟರಿನಲ್ಲೇ ತಿಜೋರಿಗೆ ಇಡಬೇಡಿ, ತೊಗಲು ನೀರು ಹಿಡಿದಿಡುತ್ತದೆ. ಬೇರೆಯಾಗಿ ಇಟ್ಟು, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗುಂಡಿನ ಮೇಲೆ ಎಣ್ಣೆ ಸವರಬೇಡಿ, ಬುಡದಿಂದ ಒಳಗಿಳಿದು ಮದ್ದು ಸತ್ತುಹೋಗುತ್ತದೆ.

ಚುನಾವಣೆ ಬಂದರೆ ಆಯುಧವನ್ನು ಠೇವಣಿ ಇಡಲು ಠಾಣೆಯಿಂದ ಕರೆ ಬರಬಹುದು. ಒಪ್ಪಿಸುವಾಗ ರಶೀದಿಯಲ್ಲಿ ರಿವಾಲ್ವರಿನ ಸಂಖ್ಯೆಯೂ ಗುಂಡುಗಳ ಲೆಕ್ಕವೂ ಇರಬೇಕು. 2024ರಲ್ಲಿ ಕೇರಳದ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು, ಆದರೆ ಎಣಿಕೆ ಜೂನ್ 4ಕ್ಕೆ. ಅಷ್ಟರಲ್ಲಿ ಮಳೆಗಾಲ ಶುರು. ಹಾಗಾಗಿ ಕೊಡುವ ಹಿಂದಿನ ದಿನವೇ ನಳಿಗೆಯ ಒಳಗೂ ಸಿಲಿಂಡರಿನ ಆರು ತೂತಿಗೂ ಎಣ್ಣೆ ಹಾಕಿ, ಹೊರಗೆ ಸ್ವಲ್ಪ ದಪ್ಪಗೇ ಸವರಿ ಕೊಡಿ. ವಾಪಸ್ ಸಿಕ್ಕಿದ ದಿನ ಗುಂಡು ತುಂಬುವ ಮೊದಲು ಆ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ.